ಸುಲ್ತಾನ್‌ಪೇಟೆಯ ತೋಪು ನಿಮ್ಮ ಮೇಜಿನ ಮೇಲೆ: ಪುಟ್ಟ ಸೈನಿಕರಿಗೆ ಬಣ್ಣ ಹಚ್ಚಿ ಇತಿಹಾಸದ ಕದನವನ್ನು ಆಡುವ ಕ್ರಮ

ಹೆಬ್ಬೆರಳಿನಷ್ಟು ಎತ್ತರವೂ ಇಲ್ಲದ ಸೈನಿಕರ ಗೊಂಬೆಗಳಿಗೆ ಅವರವರ ಕಾಲದ ಉಡುಪಿನ ಬಣ್ಣ ಹಚ್ಚಿ, ಮೇಜಿನ ಮೇಲೆ ಊರು, ಹೊಳೆ, ತೋಟಗಳನ್ನು ಕಟ್ಟಿ, ಅಳತೆಪಟ್ಟಿ ಮತ್ತು ದಾಳಗಳ ನೆರವಿನಿಂದ ನಡೆದುಹೋದ ಒಂದು ಕದನವನ್ನು ಮತ್ತೆ ಆಡಿ ನೋಡುವ ಹವ್ಯಾಸಕ್ಕೆ ವಾರ್‌ಗೇಮಿಂಗ್ ಎನ್ನುತ್ತಾರೆ. ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಇಂಥ ಆಟವೊಂದನ್ನು ಅಧಿಕಾರಿಗಳ ತರಬೇತಿಗೆಂದು ರೂಪಿಸಿದ. 1913ರಲ್ಲಿ ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ ಆಟಿಕೆ ಸೈನಿಕರನ್ನು ಬಳಸುವ ನಿಯಮಗಳನ್ನು ಪ್ರಕಟಿಸಿ ಅದನ್ನು ಮನೆಯೊಳಕ್ಕೆ ತಂದ. ಅಂದಿನಿಂದ ಇಂದಿನವರೆಗೆ ಈ ಹವ್ಯಾಸದಲ್ಲಿ ನೆಪೋಲಿಯನ್ನನ ಯುರೋಪಿಗೆ ದೊರೆತ ಗಮನ ನಮ್ಮ ನೆಲದ ಕದನಗಳಿಗೆ ದೊರೆತಿಲ್ಲ. ಆದ್ದರಿಂದ ಈ ಮಾರ್ಗದರ್ಶಿಗೆ ನಾನು ಆರಿಸಿಕೊಂಡಿರುವುದು ಶ್ರೀರಂಗಪಟ್ಟಣದ ಹೊರವಲಯದಲ್ಲಿ 1799ರ ಏಪ್ರಿಲ್ 5ರ ರಾತ್ರಿ ನಡೆದ ಒಂದು ಸಣ್ಣ ಕಾದಾಟವನ್ನು.

ಮೊದಲು ಕದನ, ಆಮೇಲೆ ಗೊಂಬೆ

ಹೊಸಬರು ಸಾಮಾನ್ಯವಾಗಿ ಗೊಂಬೆಗಳನ್ನು ಮೊದಲು ಕೊಳ್ಳುತ್ತಾರೆ. ಚೆಂದ ಕಂಡದ್ದನ್ನೆಲ್ಲ ತರಿಸಿ, ನೂರಾರು ಬೂದುಬಣ್ಣದ ಸೈನಿಕರು ಡಬ್ಬಿಯಲ್ಲಿ ಕೂತು, ಒಂದು ವರ್ಷವಾದರೂ ಆಟ ನಡೆಯದೆ ಉತ್ಸಾಹ ಇಂಗಿಹೋಗುತ್ತದೆ. ನಾನು ಒತ್ತಿ ಹೇಳಬೇಕೆಂದಿರುವ ಮಾತು ಇದೊಂದೇ: ಮೊದಲು ಒಂದು ಸಣ್ಣ ಕದನವನ್ನು ಆರಿಸಿ, ಅದಕ್ಕೆ ಎಷ್ಟು ಸೈನಿಕರು ಬೇಕೆಂದು ಕಾಗದದಲ್ಲಿ ಬರೆದು, ಅಷ್ಟನ್ನು ಮಾತ್ರ ಕೊಂಡು, ಅಷ್ಟಕ್ಕೂ ಬಣ್ಣ ಹಚ್ಚಿ ಮುಗಿಸಿ, ಆಡಿ. ದೊಡ್ಡ ಯುದ್ಧಗಳು ಕಾಯಬಲ್ಲವು.

ಸುಲ್ತಾನ್‌ಪೇಟೆಯ ತೋಪು ಇದಕ್ಕೆ ಹೇಳಿ ಮಾಡಿಸಿದ ಪ್ರಸಂಗ. ಇಲ್ಲಿ ತೋಪು ಎಂದರೆ ಫಿರಂಗಿಯಲ್ಲ, ಮರಗಳ ತೋಪು. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಜನರಲ್ ಹ್ಯಾರಿಸ್‌ನ ಸೈನ್ಯ ಶ್ರೀರಂಗಪಟ್ಟಣದ ಪಶ್ಚಿಮಕ್ಕೆ ಬಂದು ಬೀಡುಬಿಟ್ಟಾಗ, ಟಿಪ್ಪುವಿನ ಪದಾತಿಗಳೂ ರಾಕೆಟ್ ದಳದವರೂ ಮುಂದಣ ತೋಪು ಮತ್ತು ಕಾಲುವೆಗಳ ಮರೆಯಿಂದ ಆ ಬೀಡನ್ನು ಕಾಡುತ್ತಿದ್ದರು. ಅವರನ್ನು ತೆರವುಗೊಳಿಸಲು ಅದೇ ರಾತ್ರಿ ಎರಡು ಪಡೆಗಳು ಹೊರಟವು. ಒಂದು ಪಡೆ ತನ್ನ ಗುರಿಯನ್ನು ಹಿಡಿಯಿತು. 33ನೇ ಪದಾತಿ ರೆಜಿಮೆಂಟಿನೊಡನೆ ತೋಪಿನೊಳಕ್ಕೆ ನುಗ್ಗಿದ ಇನ್ನೊಂದು ಪಡೆ ಕತ್ತಲಲ್ಲಿ, ನೀರಾವರಿ ಕಾಲುವೆಗಳ ನಡುವೆ, ಬಂದೂಕು ಮತ್ತು ರಾಕೆಟ್‌ಗಳ ದಾಳಿಗೆ ದಿಕ್ಕುತಪ್ಪಿ ಹಿಮ್ಮೆಟ್ಟಿತು. ಅದರ 12 ಸೈನಿಕರು ಸೆರೆಸಿಕ್ಕರು. ಆ ಪಡೆಯ ನಾಯಕ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಅಂದರೆ 16 ವರ್ಷಗಳ ಬಳಿಕ ವಾಟರ್‌ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್. ಮೊದಲೇ ನೋಡಿಕೊಳ್ಳದ ನೆಲೆಯ ಮೇಲೆ ರಾತ್ರಿ ದಾಳಿ ಮಾಡಬಾರದೆಂಬ ನಿಶ್ಚಯಕ್ಕೆ ಅವನು ಬಂದದ್ದು ಈ ಸೋಲಿನಿಂದ. ಕತ್ತಲು, ಗೊಂದಲ, ರಾಕೆಟ್, ಅಡ್ಡಬರುವ ಕಾಲುವೆ ಎಲ್ಲವೂ ಇರುವ, ಐವತ್ತಕ್ಕೂ ಕಡಿಮೆ ಗೊಂಬೆಗಳಲ್ಲಿ ಆಡಬಹುದಾದ ಪ್ರಸಂಗ ಸುಲಭವಾಗಿ ಸಿಗುವುದಿಲ್ಲ.

ಲೆಕ್ಕ ಹೀಗಿರಲಿ: 33ನೇ ರೆಜಿಮೆಂಟಿನ ಎಂಟೆಂಟು ಸೈನಿಕರ ಮೂರು ತುಕಡಿ ಮತ್ತು ಒಬ್ಬ ನಾಯಕ, ಮೈಸೂರಿನ ಕಡೆ ಎಂಟೆಂಟು ಪದಾತಿಗಳ ಎರಡು ತುಕಡಿ, ನಾಲ್ವರ ಒಂದು ರಾಕೆಟ್ ತುಕಡಿ ಮತ್ತು ಒಬ್ಬ ನಾಯಕ. ಒಟ್ಟು 46.

ಅಳತೆ ಮತ್ತು ಸಾಮಗ್ರಿ

ಗೊಂಬೆಗಳು 6, 10, 15, 28 ಮಿ.ಮೀ. ಅಳತೆಗಳಲ್ಲಿ ಸಿಗುತ್ತವೆ; ಇವಲ್ಲದೆ 1/72 ಪ್ರಮಾಣದ ಮೆದು ಪ್ಲಾಸ್ಟಿಕ್ಕಿನವೂ ಇವೆ. ಸಾವಿರಾರು ಸೈನಿಕರ ಮಹಾಯುದ್ಧ ಬೇಕೆನ್ನುವವರಿಗೆ 6 ಅಥವಾ 10 ಮಿ.ಮೀ. ಸರಿ. ಒಬ್ಬೊಬ್ಬ ಸೈನಿಕನ ಉಡುಪೂ ಕಾಣಬೇಕಾದ ನಮ್ಮ ಪ್ರಸಂಗಕ್ಕೆ 28 ಮಿ.ಮೀ. ಒಳ್ಳೆಯದು. ಮೈಸೂರು ಯುದ್ಧಗಳ ಗೊಂಬೆಗಳನ್ನು ತಯಾರಿಸುವವರು ಬಹುತೇಕ ಹೊರದೇಶದವರಾದ್ದರಿಂದ ಅಂಚೆ ವೆಚ್ಚವನ್ನೂ ಸುಂಕವನ್ನೂ ಲೆಕ್ಕಕ್ಕೆ ಹಿಡಿದೇ ತರಿಸಬೇಕು. ಮೂರು ಆಯಾಮದ ಮುದ್ರಣದ ವಿನ್ಯಾಸ ಕಡತವನ್ನು ಕೊಂಡು ಊರಿನಲ್ಲೇ ರೆಸಿನ್ ಮುದ್ರಣ ಮಾಡಿಸುವುದು ಈಗ ಇನ್ನೊಂದು ದಾರಿ. ಪೇಟ ಸುತ್ತಿದ, ಬರಿಗಾಲಿನ ಯಾವುದೇ ಭಾರತೀಯ ಪದಾತಿ ಗೊಂಬೆಯನ್ನೂ ಎಂ-ಸೀಲ್‌ನ ಚೂರಿನಿಂದ ತಿದ್ದಿ ಬಳಸಬಹುದು.

ಬೇಕಾದ ಉಪಕರಣಗಳು ಹೆಚ್ಚಿಲ್ಲ. ಹರಿತವಾದ ಚಾಕು, ಸಣ್ಣ ಅರ, 1 ಮತ್ತು 2ನೇ ಸಂಖ್ಯೆಯ ಚೂಪುತುದಿಯ ಎರಡು ಕುಂಚ, ಒಣಕುಂಚದಿಂದ, ಅಂದರೆ ಬಣ್ಣವನ್ನು ಬಹುಪಾಲು ಒರೆಸಿ ತೆಗೆದ ಕುಂಚದಿಂದ, ಉಜ್ಜಲು ಒಂದು ಹಳೆಯ ಚಪ್ಪಟೆ ಕುಂಚ, ಅಕ್ರಿಲಿಕ್ ಬಣ್ಣ, ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ತಳಪದರ), ಮಂದ ವಾರ್ನಿಷ್, ಫೆವಿಕಾಲ್ ಇದ್ದರೆ ಸಾಕು. ಅತಿ ಸಣ್ಣ ಕುಂಚ ಬೇಕೆಂಬುದು ತಪ್ಪು ತಿಳಿವಳಿಕೆ. 000 ಸಂಖ್ಯೆಯ ಕುಂಚದಲ್ಲಿ ನಿಲ್ಲುವ ಬಣ್ಣ ಎಷ್ಟು ಕಡಿಮೆಯೆಂದರೆ ಅದು ಗೊಂಬೆಯನ್ನು ಮುಟ್ಟುವ ಮೊದಲೇ ತುದಿಯಲ್ಲಿ ಒಣಗಿಬಿಡುತ್ತದೆ. ಕುಂಚದ ಗಾತ್ರಕ್ಕಿಂತ ಅದರ ತುದಿ ಮುಖ್ಯ. ಬಣ್ಣ ಕುಂಚದ ಕೂದಲಿನ ಅರ್ಧಕ್ಕಿಂತ ಮೇಲೇರದಂತೆ ನೋಡಿಕೊಂಡರೆ ಒಳ್ಳೆಯ ಕುಂಚ ವರ್ಷಗಟ್ಟಲೆ ಬಾಳುತ್ತದೆ. ಬಣ್ಣದ ವಿಷಯದಲ್ಲಿ, ವಲ್ಲೆಹೊ ಅಥವಾ ಸಿಟಡೆಲ್‌ನಂಥ ಹವ್ಯಾಸದ ಬಣ್ಣಗಳಲ್ಲಿ ವರ್ಣಕಣಗಳು ನುಣುಪಾಗಿದ್ದು ತೆಳುವಾಗಿಸಿದರೂ ಚೆನ್ನಾಗಿ ಮುಚ್ಚುತ್ತವೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಫೆವಿಕ್ರಿಲ್ ಅಥವಾ ಕ್ಯಾಮೆಲ್ ಅಕ್ರಿಲಿಕ್‌ಗಳಿಂದಲೂ ಕೆಲಸ ನಡೆಯುತ್ತದೆ. ಒಂದು ಪದರ ಹೆಚ್ಚು ಬೇಕಾಗುತ್ತದೆ, ಅಷ್ಟೆ. ಪೀಠ ಮತ್ತು ಮರಗಿಡಗಳಿಗಂತೂ ದುಬಾರಿ ಬಣ್ಣ ಬೇಡವೇ ಬೇಡ.

ಸಿದ್ಧತೆ

ಗೊಂಬೆಯ ಮೇಲೆ ಅಚ್ಚಿನ ಗೆರೆಗಳು ಉಳಿದಿರುತ್ತವೆ. ಅವನ್ನು ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯಬೇಕು. ಆಮೇಲೆ ಸಾಬೂನು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಗಟ್ಟಿ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಸಿಮೆಂಟು, ಲೋಹ ಮತ್ತು ರೆಸಿನ್‌ಗೆ ಸೂಪರ್ ಗ್ಲೂ. ಹಳೆಯ ಲೋಹದ ಗೊಂಬೆಗಳಲ್ಲಿ ಸೀಸ ಇರುವ ಸಾಧ್ಯತೆಯುಂಟು; ಅರ ಹಾಕಿದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು, ಕೈತೊಳೆದ ಮೇಲೆಯೇ ಊಟಕ್ಕೆ ಕೂಡಬೇಕು, ಚಿಕ್ಕ ಮಕ್ಕಳ ಕೈಗೆ ಅವನ್ನು ಕೊಡಬಾರದು.

ಪ್ರೈಮರ್ ಇಲ್ಲದೆ ಅಕ್ರಿಲಿಕ್ ಬಣ್ಣ ಲೋಹದ ಮೇಲೆ ನಿಲ್ಲುವುದಿಲ್ಲ. ಸ್ಪ್ರೇ ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸಿ, 20ರಿಂದ 30 ಸೆಂ.ಮೀ. ದೂರದಿಂದ, ಗಾಳಿಯಾಡುವ ಜಾಗದಲ್ಲಿ, ನಿಲ್ಲಿಸದೆ ಕೈಯಾಡಿಸುತ್ತ ತೆಳುವಾಗಿ ಸಿಂಪಡಿಸಬೇಕು. ನಮ್ಮ ಹವೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ನಾನು ಮೊದಲ ಬಾರಿ ಆಷಾಢದ ಜಡಿಮಳೆಯ ದಿನ ಮನೆಯ ಜಗುಲಿಯಲ್ಲಿ ಸಿಂಪಡಿಸಿದ 20 ಗೊಂಬೆಗಳ ಮೇಲೆ ಬೂದಿ ಎರಚಿದಂತೆ ಒರಟು ಬಿಳಿಪುಡಿ ಕೂತು, ಎಲ್ಲವನ್ನೂ ಕಳಚಿ ತೊಳೆಯಬೇಕಾಯಿತು. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಸ್ಪ್ರೇ ಹೀಗೆಯೇ ಮಂಜುಗಟ್ಟುತ್ತದೆ. ಮಳೆಗಾಲದಲ್ಲಿ, ಕರಾವಳಿಯಲ್ಲಾದರೆ ವರ್ಷದ ಬಹುಪಾಲು, ಕುಂಚದಿಂದ ಹಚ್ಚುವ ಪ್ರೈಮರ್ ಬಳಸುವುದೇ ಕ್ಷೇಮ. ಪ್ರೈಮರ್‌ನ ಬಣ್ಣ ಬೂದು ಇರಲಿ: ಕಪ್ಪಿನ ಮೇಲೆ ಕೆಂಪು ಮಂಕಾಗುತ್ತದೆ, ಬಿಳಿಯ ಮೇಲೆ ಬಿಟ್ಟುಹೋದ ಸಂದುಗಳು ಎದ್ದು ಕಾಣುತ್ತವೆ.

ಹುಲಿ ಅಂಗಿ

ಈಗ ಮೈಸೂರು ಪದಾತಿಯ ಉಡುಪಿಗೆ ಬರೋಣ. ಟಿಪ್ಪುವಿನ ಶಿಸ್ತುಬದ್ಧ ಪದಾತಿಗಳು ಊದಾ ಬಣ್ಣದ ಬಟ್ಟೆಯ ಮೇಲೆ ವಜ್ರಾಕೃತಿಯ ಬಿಳಿ ಬೊಟ್ಟುಗಳಿದ್ದ, ಹುಲಿ ಅಂಗಿಯೆಂದು ಕರೆಯಲಾಗುತ್ತಿದ್ದ ಮೇಲಂಗಿ ತೊಡುತ್ತಿದ್ದರೆಂದು ಅವರೆದುರು ಹೋರಾಡಿದ ಬ್ರಿಟಿಷರು ಬರೆದಿದ್ದಾರೆ. ತಲೆಗೆ ಕೆಂಪು ಪೇಟ, ನಡುವಿಗೆ ಸುತ್ತಿದ ಪಟ್ಟಿ, ಕಪ್ಪು ತೊಗಲಿನ ಪಟ್ಟೆಗಳು, ಬರಿಯ ಕಾಲು, ಪಾದಕ್ಕೆ ಚಪ್ಪಲಿ.

ಆಧಾರಗಳನ್ನು ಬಳಸುವಾಗ ಒಂದು ವಿವೇಕ ಬೇಕು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ, ಮೈಸೂರು ಸೈನ್ಯ ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕದನದ ದೊಡ್ಡ ಚಿತ್ರವಿದೆ. ಯಾರಾದರೂ ಮೊದಲು ಓಡುವುದು ಅಲ್ಲಿಗೇ. ಆದರೆ ಆ ಚಿತ್ರ 1799ಕ್ಕೆ ಮುಂಚೆ ಅಳಿಸಿಹೋಗಿ, ಆಮೇಲೆ ಅಲ್ಲಿ ವಾಸವಿದ್ದ ವೆಲ್ಲೆಸ್ಲಿಯ ಕಾಲದಲ್ಲೊಮ್ಮೆ, 1855ರಲ್ಲಿ ಡಾಲ್‌ಹೌಸಿಯ ಆಜ್ಞೆಯಿಂದ ಮತ್ತೊಮ್ಮೆ ಹೊಸದಾಗಿ ಬಣ್ಣ ಕಂಡದ್ದು. ಪಡೆಗಳು ಹೇಗೆ ಸುತ್ತುವರಿದವು ಎಂಬ ಒಟ್ಟು ಕಲ್ಪನೆಗೆ ಅದು ಅಮೂಲ್ಯ. ಗುಂಡಿಯ ಬಣ್ಣಕ್ಕೆ, ಪಟ್ಟಿಯ ಬಣ್ಣಕ್ಕೆ ಅದನ್ನು ಸಾಕ್ಷಿ ಕರೆಯಲಾಗದು. ಅಲ್ಲದೆ ಪೊಳ್ಳಿಲೂರು ನಡೆದದ್ದು ಹೈದರನ ಆಳ್ವಿಕೆಯಲ್ಲಿ. ಹುಲಿಯ ಲಾಂಛನ ಸೇನೆಯ ಉಡುಪನ್ನೆಲ್ಲ ಆವರಿಸಿದ್ದು ಟಿಪ್ಪುವಿನ ಕಾಲದಲ್ಲಿ. ಆದ್ದರಿಂದ 1780ರ ಕದನಕ್ಕೆ ಹುಲಿ ಅಂಗಿಯ ಸೈನಿಕರನ್ನು ಇಳಿಸುವುದನ್ನು ನಾನು ಒಪ್ಪುವುದಿಲ್ಲ. 1791–92ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆಗಿದ್ದ ಕಲಾವಿದ ರಾಬರ್ಟ್ ಹೋಮ್ ಬರೆದ ಚಿತ್ರಗಳು ನಮ್ಮ ಪ್ರಸಂಗದ ಕಾಲಕ್ಕೆ ಹೆಚ್ಚು ಹತ್ತಿರದವು.

ಎಂಟು ಗೊಂಬೆಗಳನ್ನು ಐಸ್‌ಕ್ರೀಂ ಕಡ್ಡಿ ಅಥವಾ ಔಷಧಿ ಸೀಸೆಯ ಮುಚ್ಚಳಗಳ ಮೇಲೆ ತಾತ್ಕಾಲಿಕವಾಗಿ ಅಂಟಿಸಿಕೊಳ್ಳಿ. ಒಂದು ಗೊಂಬೆಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವ ಬದಲು, ಒಂದೊಂದು ಬಣ್ಣವನ್ನೂ ಎಂಟಕ್ಕೂ ಹಚ್ಚುತ್ತ ಸಾಗಬೇಕು. ಎಂಟನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಬಣ್ಣವನ್ನು ಸೀಸೆಯಿಂದ ನೇರವಾಗಿ ಎಂದೂ ಹಚ್ಚಬಾರದು. ಹಾಲಿನ ಹದಕ್ಕೆ ಬರುವವರೆಗೆ ನೀರು ಬೆರೆಸಿ, ಒಂದು ದಪ್ಪ ಪದರದ ಬದಲು ಎರಡು ತೆಳು ಪದರ ಕೊಡಬೇಕು. ಊಟದ ಡಬ್ಬಿಯ ಮುಚ್ಚಳದಲ್ಲಿ ಒದ್ದೆ ಟಿಶ್ಯೂ ಹಾಸಿ, ಅದರ ಮೇಲೆ ಅಡುಗೆಯ ಬೇಕಿಂಗ್ ಕಾಗದವನ್ನಿಟ್ಟು, ಬಣ್ಣವನ್ನು ಆ ಕಾಗದದ ಮೇಲೆ ಬೆರೆಸಿದರೆ ಬೇಸಿಗೆಯಲ್ಲೂ ಗಂಟೆಗಟ್ಟಲೆ ಹಸಿಯಾಗಿರುತ್ತದೆ.

ಒಳಗಿನಿಂದ ಹೊರಕ್ಕೆ ಎಂಬುದೇ ಅನುಕ್ರಮ: ಮೊದಲು ಮೈ, ಆಮೇಲೆ ಬಟ್ಟೆ, ಕೊನೆಗೆ ಪಟ್ಟೆ ಮತ್ತು ಆಯುಧ. ಮೈಬಣ್ಣಕ್ಕೆ ಹೊರದೇಶದ ಸೀಸೆಗಳ ನಸುಗುಲಾಬಿ ಬೇಡ. ನಡುಗಂದು ಬಣ್ಣವನ್ನು ತಳಕ್ಕೆ ಹಚ್ಚಿ, ಅದಕ್ಕೇ ತುಸು ಹಳದಿಗಂದು ಬೆರೆಸಿ ಮೂಗು, ಕೆನ್ನೆ, ಗಲ್ಲ, ಮೊಣಕಾಲಿನ ಉಬ್ಬುಗಳಿಗೆ ತಾಗಿಸಿ. ಎಂಟು ಮಂದಿಗೂ ಒಂದೇ ಬಣ್ಣ ಬೇಡ. ಇಬ್ಬರು ಕಪ್ಪಗೆ, ಇಬ್ಬರು ಎಣ್ಣೆಗಪ್ಪು, ಒಬ್ಬಿಬ್ಬರು ಗೋಧಿಬಣ್ಣ ಇರಲಿ, ತುಕಡಿಗೆ ಜೀವ ಬರುತ್ತದೆ. ಕಣ್ಣುಗಳನ್ನು ಬಿಡಿಸುವ ಅಗತ್ಯವಿಲ್ಲ. ಮೇಜಿನ ಮೇಲೆ ಗೊಂಬೆ ಕಾಣುವುದು ಎರಡು ಮೂರು ಅಡಿ ದೂರದಿಂದ, ಅಲ್ಲಿಂದ ಮೀಸೆ ಕಂಡರೆ ಸಾಕು.

ಅಂಗಿಗೆ ನೇರಳೆ ಬಣ್ಣಕ್ಕೆ ಸ್ವಲ್ಪ ಬೂದು ಬೆರೆಸಿ, ಬಿಸಿಲಿನಲ್ಲಿ ಮಾಸಿದ ಬಟ್ಟೆಯಂತೆ ಮಾಡಿಕೊಳ್ಳಿ. ಅದು ಒಣಗಿದ ಮೇಲೆ ನೀರಿನಂತೆ ತೆಳುವಾದ ಕಡುಗಂದು ಬಣ್ಣವನ್ನು ಮೈಮೇಲೆಲ್ಲ ಹರಿಸಿದರೆ ನೆರಿಗೆಗಳಲ್ಲಿ ನೆರಳು ತಾನಾಗಿ ನಿಲ್ಲುತ್ತದೆ; ಇದಕ್ಕೆ ವಾಶ್ ಎನ್ನುತ್ತಾರೆ. ಬೊಟ್ಟುಗಳು ಇದಾದ ಬಳಿಕವೇ, ಏಕೆಂದರೆ ಮೊದಲೇ ಇಟ್ಟರೆ ವಾಶ್ ಅವನ್ನು ಮಂಕು ಮಾಡುತ್ತದೆ. ಅಚ್ಚಬಿಳಿಯ ಬದಲು ದಂತದ ಬಿಳಿಯನ್ನು ತುದಿ ಕಟ್ಟಿದ ಕುಂಚದಲ್ಲಿ ತೆಗೆದುಕೊಂಡು, ಮೇಲಕ್ಕೊಂದು ಕೆಳಕ್ಕೊಂದು ಎಳೆತದಲ್ಲಿ ಒಂದೊಂದು ವಜ್ರವನ್ನು ಮೂಡಿಸಬೇಕು. ಮೊದಲ ಸಾಲಿನ ಎರಡು ಬೊಟ್ಟುಗಳ ನಡುವಿನ ಜಾಗಕ್ಕೆ ನೇರವಾಗಿ ಕೆಳಗೆ ಎರಡನೆಯ ಸಾಲಿನ ಬೊಟ್ಟು ಬರಲಿ. ಎದೆಗೆ ನಾಲ್ಕು ಸಾಲು, ತೋಳಿಗೆ ಮೂರು ಸಾಕು. ನಿಜವಾದ ಪ್ರಮಾಣಕ್ಕಿಂತ ತುಸು ದೊಡ್ಡದಾಗಿಯೇ ಇಡಿ. ಪ್ರಮಾಣಬದ್ಧವಾಗಿ ಇಟ್ಟ ಬೊಟ್ಟು ದೂರದಿಂದ ಬರೀ ದೂಳಿನಂತೆ ಕಾಣುತ್ತದೆ. ಮೊದಲ ಎರಡು ಗೊಂಬೆಗಳಲ್ಲಿ ಕೈ ನಡುಗಬಹುದು, ಐದನೆಯದರ ಹೊತ್ತಿಗೆ ಲಯ ಸಿಕ್ಕಿರುತ್ತದೆ. ತುಕಡಿಯನ್ನು ಒಟ್ಟಿಗೆ ನಿಲ್ಲಿಸಿ ನೋಡಿದಾಗ ಆಗುವ ಸಂತೋಷಕ್ಕೆ ಈ ಶ್ರಮ ಪೂರ್ತಿ ತಕ್ಕದ್ದು.

33ನೇ ರೆಜಿಮೆಂಟು ಇದಕ್ಕಿಂತ ಬೇಗ ಮುಗಿಯುತ್ತದೆ. ಬ್ರಿಟಿಷ್ ರೆಜಿಮೆಂಟುಗಳ ಕೆಂಪು ಕೋಟಿನ ಕೊರಳಪಟ್ಟಿ ಮತ್ತು ತೋಳಂಚುಗಳಿಗೆ ಸಾಮಾನ್ಯವಾಗಿ ಬೇರೆ ಬಣ್ಣವಿರುತ್ತಿತ್ತು. 33ನೆಯದಕ್ಕೆ ಅವೂ ಕೆಂಪೇ. ಕೆಂಪಿಗೆ ಮೊದಲು ಇಟ್ಟಿಗೆಗಂದಿನ ತಳ ಹಾಕಿದರೆ ಎರಡೇ ಪದರದಲ್ಲಿ ತುಂಬಿ ಬರುತ್ತದೆ. ಉಬ್ಬುಗಳನ್ನು ಬೆಳಗಿಸಲು ಕೆಂಪಿಗೆ ಬಿಳಿ ಬೆರೆಸಬೇಡಿ, ಗುಲಾಬಿಯಾಗುತ್ತದೆ, ಕಿತ್ತಳೆ ಬೆರೆಸಿ. ಎದೆಯ ಮೇಲೆ ಅಡ್ಡಹಾಯುವ ಬಿಳಿ ಪಟ್ಟೆಗಳ ಅಂಚಿಗೆ ಕಡುಗಂದಿನ ಸಣ್ಣ ಗೆರೆ ಉಳಿಸಿದರೆ ಅವು ದೂರಕ್ಕೂ ಸ್ಪಷ್ಟವಾಗಿ ಕಾಣುತ್ತವೆ.

ರಾಕೆಟ್, ನೆಲ ಮತ್ತು ತೋಪು

ಮೈಸೂರಿನ ರಾಕೆಟ್ ಎಂದರೆ ಮದ್ದು ತುಂಬಿದ ಕಬ್ಬಿಣದ ಕೊಳವೆಯನ್ನು ಉದ್ದನೆಯ ಬಿದಿರಿಗೆ ಕಟ್ಟಿದ ಅಸ್ತ್ರ. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಪಾಳುಬಾವಿಯೊಂದರಿಂದ 2018ರಲ್ಲಿ ಸಾವಿರಕ್ಕೂ ಹೆಚ್ಚು ಕೊಳವೆಗಳು ಹೊರಬಂದವು. ಮ್ಯೂಸಿಯಮ್ಮಿನಲ್ಲಿ ಅಂಥದೊಂದನ್ನು ಕಣ್ಣಾರೆ ನೋಡಿದರೆ ತುಕ್ಕಿನ ಬಣ್ಣವೂ ಕೊಳವೆಯ ಗಾತ್ರವೂ ಮನಸ್ಸಿನಲ್ಲಿ ನಿಲ್ಲುತ್ತವೆ. ಗೊಂಬೆಯ ಕೈಗೆ ಕೊಡಲು ತೆಂಗಿನ ಕಡ್ಡಿಪೊರಕೆಯ ತೆಳ್ಳನೆಯ ತುದಿಯಿಂದ ನಾಲ್ಕು ಸೆಂ.ಮೀ. ಕತ್ತರಿಸಿ, ಒಂದು ಕೊನೆಗೆ ಐದು ಮಿ.ಮೀ. ಉದ್ದದ ಸಣ್ಣ ತಂತಿಯ ತುಂಡನ್ನು ಅಂಟಿಸಿ, ದಾರ ಸುತ್ತಿದರೆ ರಾಕೆಟ್ ಸಿದ್ಧ. ಕಡ್ಡಿಗೆ ಹಳದಿಗಂದು, ಅಲ್ಲಲ್ಲಿ ಗೆಣ್ಣಿನ ಗೆರೆ. ಕೊಳವೆಗೆ ಕಪ್ಪು ಹಚ್ಚಿ ಅದರ ಮೇಲೆ ಬೆಳ್ಳಿಬಣ್ಣವನ್ನು ಒಣಕುಂಚದಿಂದ ಉಜ್ಜಿ.

ಗೊಂಬೆಯ ಪೀಠಕ್ಕೆ ಫೆವಿಕಾಲ್ ಸವರಿ ಜರಡಿ ಹಿಡಿದ ಮರಳು ಉದುರಿಸಿ, ಒಣಗಿದ ಮೇಲೆ ಕೆಮ್ಮಣ್ಣಿನ ಬಣ್ಣ ಹಚ್ಚಿ, ನಸುಹಳದಿಯನ್ನು ಒಣಕುಂಚದಿಂದ ಉಜ್ಜಬೇಕು. ಕಾಲ ಏಪ್ರಿಲ್ ಆದ್ದರಿಂದ ಹುಲ್ಲು ಒಣಗಿದ್ದಾಗಿರಲಿ. ಯುರೋಪಿನ ಹಚ್ಚಹಸಿರು ಹುಲ್ಲಿನ ಪೊಟ್ಟಣ ಇಲ್ಲಿಗೆ ಒಗ್ಗುವುದಿಲ್ಲ. ಕೊನೆಗೆ ಮಂದ ವಾರ್ನಿಷ್ ಹಚ್ಚಿದರೆ ಆಡುವಾಗ ಕೈಯ ಬೆವರಿಗೆ ಬಣ್ಣ ಹೋಗುವುದಿಲ್ಲ.

ತೋಪಿಗೆ ಮರಗಳನ್ನು ಮೇಜಿಗೆ ಅಂಟಿಸಬೇಡಿ. ಅಡ್ಡಾದಿಡ್ಡಿ ಆಕಾರದಲ್ಲಿ ಕತ್ತರಿಸಿದ ರಟ್ಟನ್ನು ತೋಪಿನ ಎಲ್ಲೆಯೆಂದು ಹಾಸಿ, ಒಂದೊಂದೇ ಪೀಠದ ಮೇಲೆ ನಿಂತ ಮರಗಳನ್ನು ಅದರ ಮೇಲಿಟ್ಟರೆ, ಸೈನಿಕರು ಬಂದಾಗ ಮರವನ್ನು ಸರಿಸಬಹುದು. ಕಡ್ಡಿಪೊರಕೆಯ ಕಟ್ಟಿನಿಂದ ಬಿದಿರುಮೆಳೆ, ಸುತ್ತಿದ ತಂತಿ ಮತ್ತು ಕತ್ತರಿಸಿದ ಕಾಗದದಿಂದ ತೆಂಗು ಆಗುತ್ತವೆ. ಎರಡು ಅಂಗುಲ ಅಗಲದ ರಟ್ಟಿನ ಪಟ್ಟಿಗಳ ಎರಡೂ ಅಂಚಿಗೆ ಎಂ-ಸೀಲ್‌ನ ಏರಿ ಕಟ್ಟಿ, ನಡುವೆ ಕೆಸರುಬಣ್ಣ ಬಳಿದು ಹೊಳಪಿನ ವಾರ್ನಿಷ್ ಹಚ್ಚಿದರೆ ಕಾಲುವೆ.

ಆಟದ ನಿಯಮ

ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ಮೇಜು ಸಾಕು. ನಡುವೆ ತೋಪು, ಅದನ್ನು ಸೀಳುವ ಎರಡು ಕಾಲುವೆ. ಮೈಸೂರಿನವರು ಎರಡನೆಯ ಕಾಲುವೆಯ ಹಿಂದೆ. ಬ್ರಿಟಿಷರು ಎದುರಿನ ಅಂಚಿನಿಂದ ಒಳಬರುತ್ತಾರೆ. ನಾನು ಹೊಸಬರಿಗೆಂದು ಇಟ್ಟುಕೊಂಡಿರುವ ನಿಯಮಗಳು ಹೀಗಿವೆ.

ಸರದಿಯಂತೆ ಒಬ್ಬರಾದ ಮೇಲೊಬ್ಬರು ತಮ್ಮ ತುಕಡಿಗಳನ್ನು ನಡೆಸಬೇಕು. ಬಯಲಿನಲ್ಲಿ 6 ಅಂಗುಲ, ತೋಪಿನಲ್ಲಿ 4 ಅಂಗುಲ. ಕಾಲುವೆ ಸಿಕ್ಕಾಗ ಅಲ್ಲೇ ನಿಂತು, ಮುಂದಿನ ಸರದಿಯಲ್ಲಿ ದಾಟಬೇಕು. ಬ್ರಿಟಿಷ್ ತುಕಡಿ ತೋಪಿನೊಳಗೆ ನಡೆಯುವ ಮುನ್ನ ಒಂದು ದಾಳ ಉರುಳಿಸಬೇಕು: 1 ಬಿದ್ದರೆ ಎಡಕ್ಕೆ, 2 ಬಿದ್ದರೆ ಬಲಕ್ಕೆ ಓರೆಯಾಗಿ ಸಾಗುತ್ತದೆ. ನೆಲ ಬಲ್ಲ ಮೈಸೂರಿನವರಿಗೆ ಈ ತೊಡಕಿಲ್ಲ. ಆ ರಾತ್ರಿಯ ಸೋಲಿನ ಮೂಲವೇ ಇದಾದ್ದರಿಂದ ಆಟ ಎಷ್ಟೇ ಸರಳವಾದರೂ ಈ ನಿಯಮವನ್ನು ಕೈಬಿಡಬೇಡಿ.

ಕತ್ತಲಲ್ಲಿ 6 ಅಂಗುಲದಾಚೆ ಯಾರೂ ಕಾಣುವುದಿಲ್ಲ. ಆದರೆ ಗುಂಡು ಹಾರಿಸಿದ ತುಕಡಿ ತನ್ನ ಬೆಂಕಿಯ ಮಿಂಚಿನಿಂದಾಗಿ ಅದರ ಮುಂದಿನ ಸರದಿಯವರೆಗೆ 18 ಅಂಗುಲದಿಂದಲೂ ಕಾಣುತ್ತದೆ. ಅದರ ಪಕ್ಕದಲ್ಲಿ ಹತ್ತಿಯ ಉಂಡೆಯೊಂದನ್ನು ಹೊಗೆಯೆಂದು ಇಡಿ. ಬಂದೂಕಿನ ದೂರ 12 ಅಂಗುಲ. ಇಬ್ಬರು ಸೈನಿಕರಿಗೆ ಒಂದು ದಾಳ. ಗುರಿ ಬಯಲಿನಲ್ಲಿದ್ದರೆ 5 ಮತ್ತು 6ಕ್ಕೆ, ಮರಗಳ ನಡುವಿದ್ದರೆ 6ಕ್ಕೆ ಮಾತ್ರ ಒಬ್ಬ ಬೀಳುತ್ತಾನೆ. ಹಾರಿಸಿದ ಮೇಲೆ ಒಂದು ಸರದಿ ಮದ್ದು ತುಂಬಲು. ಇಬ್ಬರೂ ಎದುರುಬದುರಾಗಿ ಮೈಮೇಲೆ ಬಿದ್ದಾಗ ತಲೆಗೊಂದು ದಾಳ ಉರುಳಿಸಿ, 5 ಮತ್ತು 6 ಬಿದ್ದಷ್ಟು ಮಂದಿಯನ್ನು ಎದುರಾಳಿ ತೆಗೆಯಬೇಕು. ಹೆಚ್ಚು ಕಳೆದುಕೊಂಡವರು ಹಿಂದೆ ಸರಿಯಬೇಕು.

ಜನ ಬಿದ್ದ ತುಕಡಿ ಆ ಸರದಿಯ ಕೊನೆಗೆ ಎರಡು ದಾಳಗಳಿಂದ ಸ್ಥೈರ್ಯ ಪರೀಕ್ಷೆ ಮಾಡಬೇಕು. ಅದುವರೆಗೆ ಒಟ್ಟು ಬಿದ್ದವರ ಸಂಖ್ಯೆಗೆ 4 ಕೂಡಿಸಿದಷ್ಟಾದರೂ ಬರಬೇಕು; ನಾಯಕ 6 ಅಂಗುಲದೊಳಗಿದ್ದರೆ ದಾಳದ ಮೊತ್ತಕ್ಕೆ 1 ಸೇರುತ್ತದೆ. ಕಡಿಮೆ ಬಂದರೆ 6 ಅಂಗುಲ ಹಿಮ್ಮೆಟ್ಟುತ್ತದೆ, 3 ಅಥವಾ ಅದಕ್ಕಿಂತ ಹೆಚ್ಚು ಕಡಿಮೆಯಾದರೆ ಚದುರಿ ಮೇಜಿನಿಂದ ಹೊರಹೋಗುತ್ತದೆ. ನಾಯಕ ಹತ್ತಿರವಿಲ್ಲದಿದ್ದರೆ, ನಾಲ್ವರನ್ನು ಕಳೆದುಕೊಂಡ ತುಕಡಿ ನಿಲ್ಲುವ ಸಾಧ್ಯತೆ 36ರಲ್ಲಿ 15.

ರಾಕೆಟ್ ತುಕಡಿಗೆ ಮದ್ದು ತುಂಬುವ ವಿರಾಮವಿಲ್ಲ, ಪ್ರತಿ ಸರದಿಯಲ್ಲೂ ಒಂದು ರಾಕೆಟ್ ಹಾರುತ್ತದೆ. ದಿಕ್ಕನ್ನು ತೋರಿಸಿ, ಒಂದು ದಾಳ ಉರುಳಿಸಿ: 1 ಎಡಕ್ಕೆ ಓರೆ, 6 ಬಲಕ್ಕೆ ಓರೆ, ಉಳಿದವಕ್ಕೆ ನೇರ. ಬಳಿಕ ನಾಲ್ಕು ದಾಳಗಳ ಮೊತ್ತದಷ್ಟು ಅಂಗುಲ ದೂರಕ್ಕೆ ಅದು ಸಾಗುತ್ತದೆ. ಬಿದ್ದ ಜಾಗದಿಂದ 3 ಅಂಗುಲದೊಳಗಿನ ಪ್ರತಿ ತುಕಡಿಯೂ, ಯಾರ ಕಡೆಯದೇ ಆಗಿರಲಿ, ಒಂದು ದಾಳ ಉರುಳಿಸಿ 5 ಅಥವಾ 6 ಬಿದ್ದರೆ ಒಬ್ಬನನ್ನು ಕಳೆದುಕೊಂಡು, ಯಾರೂ ಬೀಳದಿದ್ದರೂ ಸ್ಥೈರ್ಯ ಪರೀಕ್ಷೆ ಮಾಡಬೇಕು. ರಾಕೆಟ್ಟನ್ನು ಹೆಚ್ಚು ಜನರನ್ನು ಕೊಲ್ಲುವ ಫಿರಂಗಿಯಂತೆ ತೋರಿಸುವ ನಿಯಮಗಳು ನನಗೆ ಸರಿಯೆನಿಸುವುದಿಲ್ಲ. ಎತ್ತ ಬರುತ್ತದೆಂದು ತಿಳಿಯದ ಬೆಂಕಿಯ ಸದ್ದು ಸಾಲನ್ನು ಒಡೆಯುತ್ತಿತ್ತು ಎಂಬುದನ್ನು ಆಟ ಹಿಡಿಯಬೇಕು.

ಹತ್ತು ಸರದಿಗಳ ಕೊನೆಗೆ ಎರಡನೆಯ ಕಾಲುವೆಯಾಚೆ ಬ್ರಿಟಿಷರ ಒಂದು ತುಕಡಿಯಾದರೂ ನಿಂತಿದ್ದರೆ ಅವರು ಗೆದ್ದಂತೆ, ಇಲ್ಲವಾದರೆ ಮೈಸೂರು. ಒಮ್ಮೆ ಆಡಿದ ಮೇಲೆ ಕಡೆಗಳನ್ನು ಬದಲಾಯಿಸಿ ಇನ್ನೊಮ್ಮೆ ಆಡಬೇಕು. ಆಮೇಲೆ ಅದೇ ಮೇಜಿನಲ್ಲಿ ಏಪ್ರಿಲ್ 6ರ ಬೆಳಗನ್ನು ಆಡಬಹುದು: ಅಂದು ವೆಲ್ಲೆಸ್ಲಿ ಹೆಚ್ಚಿನ ಬಲದೊಡನೆ ಹಗಲಿನಲ್ಲಿ ಬಂದು ತೋಪನ್ನು ಹಿಡಿದ. ಕತ್ತಲಿನ ನಿಯಮವನ್ನೂ ದಿಕ್ಕುತಪ್ಪುವ ದಾಳವನ್ನೂ ತೆಗೆದು, ಚದುರಿಹೋದ ಬ್ರಿಟಿಷ್ ತುಕಡಿಗಳಲ್ಲಿ ಎರಡನ್ನು ಮೂರನೆಯ ಸರದಿಯಲ್ಲಿ ಮತ್ತೆ ಒಳಕ್ಕೆ ಬಿಡಿ. ಮೈಸೂರಿನ ಆಟಗಾರ ಎಷ್ಟು ಸರದಿ ತಡೆದು ನಿಲ್ಲುತ್ತಾನೆಂದು ಎಣಿಸಿ.